ಮೈತ್ರೇಯಿಯ ಪಾಲು

ಬೃಹದಾರಣ್ಯಕೋಪನಿಷತ್ತಿನ ಯಾಜ್ಞವಲ್ಕ್ಯ-ಮೈತ್ರೇಯಿ ಸಂವಾದದ ಹೆಸರನ್ನಾದರೂ ಕೇಳದ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿ ವಿರಳವೆಂದೇ ಹೇಳಬೇಕು. ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡ ನಾವು ಕೆಲವರು ಅದನ್ನು ತರಗತಿಯಲ್ಲಿ ಓದಿದ್ದೇವೆ. ಉಳಿದವರು ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಕೇಳಿರುತ್ತಾರೆ. ಭಾಷಣಕಾರರು ಗಾರ್ಗಿ, ಮೈತ್ರೇಯಿ ಎಂದು ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ನಮ್ಮ ಪೂರ್ವಿಕರು ಸ್ತ್ರೀಯರಿಗೆ ಎಂತಹ ಸ್ಥಾನ ಕೊಟ್ಟಿದ್ದರು ನೋಡಿ ಎಂದು ಬೆರಗುಪಟ್ಟು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಹಾಗೆ ಹೋಗಿಬಿಡದೆ ಆ ಸಂವಾದದ ಹೊಸ್ತಿಲಲ್ಲಿಯೇ ಸ್ವಲ್ಪ ಹೊತ್ತು ನಿಂತು ನೋಡುವುದು ಈ ಲೇಖನದ ಉದ್ದೇಶ. ಏಕೆಂದರೆ ಪ್ರೀತಿ, ಆತ್ಮ, ಅಮೃತತ್ವ ಇವುಗಳನ್ನು ಕುರಿತ ಅಷ್ಟು ದೊಡ್ಡ ಮಾತುಕತೆ ಆರಂಭವಾಗುವುದು ಆಸ್ತಿಯ ಪಾಲಿನ ಪ್ರಸ್ತಾಪದಿಂದ. ಈ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನಗೆ ತೋರುತ್ತದೆ.

ಯಾಜ್ಞವಲ್ಕ್ಯನಿಗೆ ಇಬ್ಬರು ಹೆಂಡತಿಯರು, ಮೈತ್ರೇಯಿ ಮತ್ತು ಕಾತ್ಯಾಯನಿ. ಗೃಹಸ್ಥಾಶ್ರಮವನ್ನು ಬಿಟ್ಟು ಹೊರಡಲು ನಿಶ್ಚಯಿಸಿದ ಋಷಿಯು ಮೈತ್ರೇಯಿಯನ್ನು ಕರೆದು, ತನ್ನಲ್ಲಿರುವುದನ್ನು ಅವರಿಬ್ಬರಿಗೂ ವಿಭಾಗ ಮಾಡಿಕೊಟ್ಟುಬಿಡುವುದಾಗಿ ತಿಳಿಸುತ್ತಾನೆ. ಇದ್ದದ್ದು ಕಡಮೆಯೇನಲ್ಲ. ಅದೇ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ, ಜನಕನು ಕೊಂಬುಗಳಿಗೆ ಚಿನ್ನ ಕಟ್ಟಿಸಿ ನಿಲ್ಲಿಸಿದ ಒಂದು ಸಾವಿರ ಹಸುಗಳನ್ನು, ವಾದ ಆರಂಭವಾಗುವುದಕ್ಕೆ ಮುಂಚೆಯೇ, ಶಿಷ್ಯನಿಂದ ಮನೆಗೆ ಹೊಡೆಸಿದ ಧೀರ ಈತ. ಆಮೇಲೆ ಆ ಸಭೆಯಲ್ಲಿ ಗಾರ್ಗಿ ಎರಡು ಬಾರಿ ಎದ್ದು ನಿಂತು ಪ್ರಶ್ನಿಸಿದಳು. ಮೊದಲನೆಯ ಬಾರಿ, ಅತಿಯಾಗಿ ಕೇಳಿದರೆ ತಲೆ ಬಿದ್ದೀತೆಂಬ ಎಚ್ಚರಿಕೆಯನ್ನು ಕೇಳಿ ಕುಳಿತುಕೊಂಡಳು. ಎರಡನೆಯ ಬಾರಿ ಮತ್ತೆ ಎದ್ದಳು. ಗಾರ್ಗಿಯ ವಿಷಯ ಇನ್ನೊಂದು ಲೇಖನಕ್ಕೇ ಆಗುವಷ್ಟಿದೆ. ಇಲ್ಲಿ ನಮಗೆ ಬೇಕಾದವಳು ಮನೆಯಲ್ಲಿದ್ದ ಮೈತ್ರೇಯಿ.

ಪಾಲಿನ ಮಾತನ್ನು ಕೇಳಿದ ಮೈತ್ರೇಯಿ, ಭೂಮಿಯೆಲ್ಲ ಸಂಪತ್ತಿನಿಂದ ತುಂಬಿ ತನ್ನದೇ ಆದರೂ ಅದರಿಂದ ತಾನು ಅಮೃತಳಾಗುವೆನೇ ಎಂದು ವಿಚಾರಿಸುತ್ತಾಳೆ. ಇಲ್ಲ, ಉಳ್ಳವರ ಬಾಳಿನಂತೆ ನಿನ್ನ ಬಾಳೂ ಆದೀತು, ಅಷ್ಟೆ ಎಂಬ ಅರ್ಥದ ಉತ್ತರ ಬರುತ್ತದೆ. ಹಾಗಾದರೆ ಅದು ತನಗೆ ಬೇಡ, ನೀವು ಬಲ್ಲದ್ದನ್ನೇ ಹೇಳಿ ಎನ್ನುತ್ತಾಳೆ. ಈ ಘಟ್ಟಕ್ಕೆ ಬಂದಾಗ ವ್ಯಾಖ್ಯಾನಕಾರರೂ ಉಪನ್ಯಾಸಕಾರರೂ ಏಕಕಂಠದಿಂದ ಮೈತ್ರೇಯಿಯ ವೈರಾಗ್ಯವನ್ನು ಕೊಂಡಾಡುತ್ತಾರೆ. ಕೊಂಡಾಡಲಿ, ಅದು ಕೊಂಡಾಡತಕ್ಕದ್ದೇ. ಆದರೆ ಅದಕ್ಕೆ ಮುಂಚೆ ನಡೆದದ್ದೇನು? ಪಾಲು ಅವಳದೆಂದು ಗಂಡ ತಾನಾಗಿಯೇ ಹೇಳಿದ. ಬೇಡವೆಂಬ ಅವಳ ಮಾತಿಗೆ ಬೆಲೆ ಬಂದದ್ದು, ಬೇಕೆನ್ನುವುದಕ್ಕೂ ಅವಳಿಗೆ ಅವಕಾಶವಿದ್ದುದರಿಂದ. ಕೊಡದೆ ಇದ್ದುದನ್ನು ಬಿಡುವುದು ಹೇಗೆ? ಹಸಿದವನ ಎದುರಿಗಿನ ಖಾಲಿ ಎಲೆಯನ್ನು ತೋರಿಸಿ ಅವನನ್ನು ಉಪವಾಸವ್ರತಿಯೆಂದು ಯಾರಾದರೂ ಹೊಗಳುವುದುಂಟೆ?

ಸಂವಾದದ ಮುಂದಿನ ಭಾಗ ಪ್ರೀತಿಯನ್ನು ಕುರಿತದ್ದು. ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ, ಧನವಾಗಲಿ ನಮಗೆ ಪ್ರಿಯವಾಗುವುದು ಅವುಗಳ ಸಲುವಾಗಿಯಲ್ಲ, ಆತ್ಮದ ಸಲುವಾಗಿ ಎಂದು ಯಾಜ್ಞವಲ್ಕ್ಯನ ವಾದ. ಮೊದಲ ಬಾರಿಗೆ ಇದನ್ನು ಓದಿದಾಗ ನನ್ನ ಗೆಳತಿಯೊಬ್ಬಳು, "ಹಾಗಾದರೆ ಎಲ್ಲರೂ ಸ್ವಾರ್ಥಿಗಳೇ ಅಂತಾಯಿತಲ್ಲ!" ಎಂದಳು. ಅರ್ಥ ಅದಲ್ಲವೆಂದು ನಮ್ಮ ಗುರುಗಳು ವಿವರಿಸಿದರು. ಇಲ್ಲಿ ಆತ್ಮವೆಂದರೆ ಈ ದೇಹ, ಈ ಹೆಸರು, ಈ ಊರುಗಳುಳ್ಳ ನಾನು ಅಲ್ಲ. ಎಲ್ಲರಲ್ಲಿಯೂ ಒಂದೇ ಆಗಿರುವ ತಿಳಿವು. ಗಂಡ ಹೆಂಡಿರು ಒಬ್ಬರಲ್ಲೊಬ್ಬರು ಕಾಣುವ ಪ್ರಿಯತ್ವ ಆ ಒಂದರಿಂದಲೇ ಹೊಮ್ಮಿದ್ದು. ಇದರಿಂದ ಒಂದು ದೊಡ್ಡ ತೀರ್ಮಾನ ಹೊರಡುತ್ತದೆಂದು ನನಗನ್ನಿಸುತ್ತದೆ. ಪ್ರೀತಿಯ ಬುಗ್ಗೆ ಪ್ರೀತಿಸುವವರ ಒಳಗೇ ಇದ್ದಮೇಲೆ, ಪ್ರೀತಿಸಲ್ಪಟ್ಟವನು ಅದಕ್ಕೆ ಒಡೆಯನಾಗಲಾರ. ಹೆಂಡತಿ ಗಂಡನನ್ನು ಪ್ರೀತಿಸಿದ ಮಾತ್ರಕ್ಕೆ ಅವಳು ಅವನ ಸೊತ್ತಾಗುವುದಿಲ್ಲ.

ಆದರೆ ಸಂವಾದ ಇಲ್ಲಿಗೇ ನಿಲ್ಲುವುದಿಲ್ಲ. ನೀರಿನಲ್ಲಿ ಹಾಕಿದ ಉಪ್ಪಿನ ಹರಳಿನ ಹಾಗೆ ಎಲ್ಲವೂ ಒಂದರಲ್ಲಿ ಕರಗಿದಮೇಲೆ, ನೋಡುವವರಾರು, ನೋಡಿಸಿಕೊಳ್ಳುವವರಾರು ಎಂಬಲ್ಲಿಗೆ ಹೋಗುತ್ತದೆ. ಅಲ್ಲಿ ಮೈತ್ರೇಯಿ ತಾನು ಗೊಂದಲಕ್ಕೆ ಬಿದ್ದೆನೆಂದು ಬಾಯಿಬಿಟ್ಟು ಹೇಳುತ್ತಾಳೆ. ನನಗೆ ಮೈತ್ರೇಯಿ ಬಹಳ ಇಷ್ಟವಾಗುವುದು ಈ ಮಾತಿಗಾಗಿ. ಪ್ರೀತಿಗೆ ಇಬ್ಬರಾದರೂ ಬೇಕಷ್ಟೆ? ಎರಡೇ ಇಲ್ಲದ ಕಡೆ ಯಾರು ಯಾರನ್ನು ಪ್ರೀತಿಸಬೇಕು? ಅದ್ವೈತದ ಪಂಡಿತರು ಇದಕ್ಕೆ ಸಮಾಧಾನ ಹೇಳಬಲ್ಲರು. ನಾನು ಮಾತ್ರ ಸದ್ಯಕ್ಕೆ ಮೈತ್ರೇಯಿಯ ಗೊಂದಲದಲ್ಲಿಯೇ ಇದ್ದೇನೆ. ಆದುದರಿಂದ ಈ ಲೇಖನದಲ್ಲಿ ಇಬ್ಬರು ಇರುವ ಲೋಕದ ಮಾತನ್ನಷ್ಟೇ ಆಡುತ್ತೇನೆ.

ಇಬ್ಬರು ಇರುವ ಲೋಕದಲ್ಲಿ "ನನ್ನ" ಎಂಬ ಪದ ಬಹಳ ಮೋಸಗಾರ. ನನ್ನ ಹೊಲ ಎನ್ನುತ್ತೇವೆ, ನನ್ನ ತಾಯಿ ಎನ್ನುತ್ತೇವೆ, ನನ್ನ ಊರು ಎನ್ನುತ್ತೇವೆ. ಹೊಲವನ್ನು ಮಾರಬಹುದು, ತಾಯಿಯನ್ನು ಮಾರಲಾಗದು, ಊರಂತೂ ನಮ್ಮದಲ್ಲ, ನಾವೇ ಅದಕ್ಕೆ ಸೇರಿದವರು. ಒಡೆತನಕ್ಕೂ ನಂಟಿಗೂ ವ್ಯಾಕರಣದಲ್ಲಿ ಒಂದೇ ಷಷ್ಠೀವಿಭಕ್ತಿ. "ಅವಳು ನನ್ನವಳು" ಎಂದು ನಮ್ಮ ಸಿನಿಮಾದ ನಾಯಕನು ಹೇಳಿದಾಗ ಅದು ಯಾವ "ನನ್ನ" ಎಂದು ಅವನನ್ನು ಯಾರೂ ಕೇಳುವುದಿಲ್ಲ. ಹೆಣ್ಣಿನ ವಿಷಯದಲ್ಲಿ ಈ ಗೊಂದಲ ಇನ್ನೂ ಗಟ್ಟಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ನಮ್ಮ ಗಾದೆ. ಕೊಡುವುದು, ತರುವುದು, ಒಪ್ಪಿಸುವುದು ಇವೆಲ್ಲ ವಸ್ತುಗಳಿಗೆ ಹೇಳುವ ಕ್ರಿಯಾಪದಗಳು. ನಾವು ಮದುವೆಗೆ ಹೇಳುತ್ತೇವೆ. ಹುಟ್ಟಿದ ಮನೆಯಲ್ಲಿ ಅವಳು ಪರರ ಮನೆಗೆ ಹೋಗತಕ್ಕವಳು. ಹೋದ ಮನೆಯಲ್ಲಿ ಹೊರಗಿನಿಂದ ಬಂದವಳು. ಎರಡು ಮನೆಗಳ ದೀಪವೆಂದು ಅವಳನ್ನು ಬಣ್ಣಿಸುವುದುಂಟು. ದೀಪದ ಕೆಳಗೆ ಕತ್ತಲೆ ಇರುವುದೂ ಉಂಟು.

ಈ ಗಾದೆಗೆ ಕಾನೂನಿನ ಬೆನ್ನೆಲುಬು ಒದಗಿದ ಕಥೆಯಲ್ಲಿ ಯಾಜ್ಞವಲ್ಕ್ಯನ ಹೆಸರು ಮತ್ತೊಮ್ಮೆ ಬರುವುದು ಒಂದು ವಿಚಿತ್ರ. ಯಾಜ್ಞವಲ್ಕ್ಯಸ್ಮೃತಿಯೆಂಬ ಧರ್ಮಶಾಸ್ತ್ರಗ್ರಂಥವನ್ನು ಸಂಪ್ರದಾಯವು ಆ ಋಷಿಯ ಹೆಸರಿಗೇ ಹಚ್ಚುತ್ತದೆ. ವಿದ್ವಾಂಸರ ಪ್ರಕಾರ ಅದು ಉಪನಿಷತ್ತಿಗಿಂತ ಅನೇಕ ಶತಮಾನಗಳ ಈಚಿನದು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನು. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಕುಳಿತು ಅವನು ಅದನ್ನು ಬರೆದನು. ಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅವನ ಪ್ರಸಿದ್ಧ ಸಿದ್ಧಾಂತ. ಬಂಗಾಳದ ಕಡೆ ಜೀಮೂತವಾಹನನ ದಾಯಭಾಗವು ಪ್ರಮಾಣವಾಯಿತು. ಭಾರತದ ಬಹುಭಾಗದಲ್ಲಿ ನ್ಯಾಯಾಲಯಗಳು ಮಿತಾಕ್ಷರವನ್ನೇ ಹಿಡಿದವು. ಹುಟ್ಟಿನಿಂದ ಬರುವ ಆ ಹಕ್ಕು ಮಗಳಿಗೆ ಇರಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಂದೆಯೇ ನಿಂತು ಸಮನಾಗಿ ಪಾಲು ಮಾಡಿದರೆ ಹೆಂಡತಿಯರಿಗೂ ಸಮಪಾಲು ಕೊಡಬೇಕೆಂದು ಸ್ಮೃತಿಯಲ್ಲಿಯೇ ಇದೆ; ಗಂಡುಮಕ್ಕಳಿಲ್ಲದವನ ಆಸ್ತಿಗೆ ಮೊದಲು ಹೆಂಡತಿ, ಆಮೇಲೆ ಹೆಣ್ಣುಮಕ್ಕಳು ಎಂದಿದೆ. ಸ್ತ್ರೀಧನವೆಂಬ ಪದಕ್ಕಂತೂ ವಿಜ್ಞಾನೇಶ್ವರನು ಬಹಳ ವಿಶಾಲವಾದ ಅರ್ಥ ಮಾಡಿ, ಅವಳು ಕೊಂಡದ್ದನ್ನೂ ಪಾಲಿನಿಂದ ಪಡೆದದ್ದನ್ನೂ ಅದರಲ್ಲಿ ಸೇರಿಸಿದನು. ಹೀಗೆ ಒಂದೇ ಗ್ರಂಥ ಒಂದು ಕೈಯಲ್ಲಿ ಬಾಗಿಲು ಮುಚ್ಚಿ ಇನ್ನೊಂದು ಕೈಯಲ್ಲಿ ಕಿಟಕಿ ತೆರೆದಿತ್ತು. ಕಾಲಕ್ರಮದಲ್ಲಿ ಜನಕ್ಕೆ ನೆನಪಿನಲ್ಲಿ ಉಳಿದದ್ದು ಮುಚ್ಚಿದ ಬಾಗಿಲು.

ಈಚಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಒಂದು ಕಾಯಿದೆಯಾಯಿತು. ವಿಭಾಗದ ಕಾಲದಲ್ಲಿ ಮನೆಯ ಹೆಂಗಸರಲ್ಲಿ ಕೆಲವರಿಗೆ ಪಾಲು ದೊರೆಯುವಂತಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳನ್ನು ಮಗನ ಪಕ್ಕದಲ್ಲಿ ಕೂರಿಸಿತು, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕನ್ನು ಕೊಡಲಿಲ್ಲ. ಕರ್ನಾಟಕವು 1994ರಲ್ಲಿ ತಿದ್ದುಪಡಿ ಮಾಡಿ ಅದನ್ನು ಕೊಟ್ಟಿತು. ಅದಕ್ಕೆ ಮುಂಚೆ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದಾಗ ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. ತಂದೆ ಆ ತಿದ್ದುಪಡಿಯ ದಿನ ಬದುಕಿರಬೇಕಿತ್ತೆ ಎಂಬ ತಕರಾರನ್ನು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ, ವಿನೀತಾ ಶರ್ಮಾ ಮೊಕದ್ದಮೆಯಲ್ಲಿ, ಬೇಕಿಲ್ಲವೆಂದು ತೀರ್ಮಾನಿಸಿತು. ವಿಜ್ಞಾನೇಶ್ವರನು ಮಗನಿಗೆ ಹೇಳಿದ ಹುಟ್ಟಿನ ಹಕ್ಕು ಮಗಳಿಗೆ ಬರಲು ಸುಮಾರು ಒಂಬೈನೂರು ವರ್ಷ ಹಿಡಿಯಿತು.

ಬಂದದ್ದು ಏನಾಯಿತೆಂಬುದಕ್ಕೆ ನಮ್ಮ ಮನೆಯ ಸಂಗತಿಯೊಂದನ್ನೇ ಹೇಳುವುದು ಲೇಸು. ನನ್ನ ಸೋದರತ್ತೆಯ ಮದುವೆಯಾದದ್ದು 1991ರಲ್ಲಿ. ರಾಜ್ಯದ ತಿದ್ದುಪಡಿ ಅವರನ್ನು ಮೂರು ವರ್ಷಗಳ ಅಂತರದಲ್ಲಿ ತಪ್ಪಿಸಿಕೊಂಡಿತು. ಕೇಂದ್ರದ್ದು ಒಳಗೆ ಸೇರಿಸಿಕೊಂಡಿತು. ತಾತನ ತೆಂಗಿನ ತೋಟವೂ ರಾಗಿಯ ಹೊಲವೂ ಇನ್ನೂ ಜಂಟಿ ಖಾತೆಯಲ್ಲಿದ್ದವು. ಅಪ್ಪ, ಚಿಕ್ಕಪ್ಪ ಪಾಲು ಪಾರೀಖತ್ತಿನ ಮಾತೆತ್ತಿದಾಗ, ಅದಕ್ಕೆ ಮೊದಲು ಅತ್ತೆಯಿಂದ ಹಕ್ಕು ಬಿಡುಗಡೆ ಪತ್ರವಾಗಬೇಕೆಂದು ಗೊತ್ತಾಯಿತು. ಸಬ್ ರಿಜಿಸ್ಟ್ರಾರ್ ಕಛೇರಿಗೆ ಅತ್ತೆಯ ಜೊತೆಗೆ ನಾನೂ ಹೋಗಿದ್ದೆ. ಪತ್ರ ಬರಹಗಾರರು ಓದಿ ಹೇಳಿದರು. ತೋಟದ ಸರ್ವೆ ನಂಬರು, ನಾಲ್ಕು ಕಡೆಯ ಚೆಕ್ಕುಬಂದಿ ಎಲ್ಲ ಆದಮೇಲೆ, ಅಣ್ಣತಮ್ಮಂದಿರ ಮೇಲಣ ಪ್ರೀತಿ ವಿಶ್ವಾಸದಿಂದ, ಯಾರ ಬಲವಂತವೂ ಇಲ್ಲದೆ ತಮ್ಮ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿರುವುದಾಗಿ ಒಕ್ಕಣೆ ಬಂತು. ಅತ್ತೆ ತಲೆಯಾಡಿಸಿದರು. ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊರಗೆ ಬಂದು ಕಾಫಿ ಕುಡಿದೆವು. ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಸ್ವಲ್ಪ ಹಣ ಅವರಿಗೆ ಸಂದವು.

ಬಸ್ಸಿನಲ್ಲಿ ನಾನು ಕೇಳಿದೆ, "ಅತ್ತೆ, ನಿಮಗೆ ಬೇಡವಾಗಿತ್ತಾ?"

"ಬೇಡ ಅಂತ ಯಾರು ಅಂದರು?" ಎಂದರು ಅತ್ತೆ. "ತಗೊಂಡು ಏನು ಮಾಡ್ಲಿ ಹೇಳು. ಗೌರಿ ಹಬ್ಬಕ್ಕೆ ಬಾಗಿನ ಬರ್ಬೇಕು. ನಾಳೆ ನನಗೇನಾದ್ರೂ ಆದ್ರೆ ಬಂದು ನಾಲ್ಕು ದಿನ ಇರೋಕೆ ಒಂದು ಬಾಗಿಲು ಬೇಕಲ್ಲ ಕಣೇ. ಪಾಲು ತಗೊಂಡವಳಿಗೆ ತವರಿಲ್ಲ."

ಅವರ ದನಿಯಲ್ಲಿ ದುಃಖವಾಗಲಿ ಸಿಟ್ಟಾಗಲಿ ಇರಲಿಲ್ಲ. ಮಾರುಕಟ್ಟೆಯಲ್ಲಿ ತೆಂಗಿನಕಾಯಿಯ ಬೆಲೆ ಹೇಳುವಷ್ಟು ಸಹಜವಾಗಿ ಹೇಳಿದರು. ಅತ್ತೆ ಓದಿದ್ದು ಏಳನೆಯ ತರಗತಿಯವರೆಗೆ. ಆದರೆ ನಾನು ಮೂರು ವರ್ಷ ತತ್ತ್ವಶಾಸ್ತ್ರ ಓದಿ ಹುಡುಕುತ್ತಿದ್ದ ಗಂಟು ಎಲ್ಲಿದೆಯೆಂದು ಅವರು ಒಂದು ಮಾತಿನಲ್ಲಿ ತೋರಿಸಿದರು. ಅವರು ಬಿಟ್ಟದ್ದು ನೆಲ; ಅದರ ಬೆಲೆಗೆ ಕೊಂಡದ್ದು ಸೇರಿದವಳೆಂಬ ಭರವಸೆ. ತನ್ನದೇ ಆದ ಪಾಲನ್ನು ತೆತ್ತು ತನ್ನದೇ ಆದ ತವರನ್ನು ಕೊಳ್ಳಬೇಕಾಯಿತು. ಪತ್ರದಲ್ಲಿ ಈ ವ್ಯವಹಾರಕ್ಕೆ ಬರೆದ ಹೆಸರು ಪ್ರೀತಿ.

ಅಪ್ಪ ಚಿಕ್ಕಪ್ಪಂದಿರ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ತೋಟಕ್ಕೆ ನೀರು ಕಟ್ಟಿದವರು ಅವರು. ತಾತನ ಕಡೆಯ ದಿನಗಳಲ್ಲಿ ಆಸ್ಪತ್ರೆಗೆ ಅಲೆದವರು ಅವರು. ಬೋರ್‌ವೆಲ್ಲಿನ ಸಾಲ ಅವರ ತಲೆಯ ಮೇಲಿದೆ. ಇರುವ ನೆಲವೇ ಕೊಂಚ, ಚೂರುಚೂರಾದರೆ ಉಳುವುದೇನು? ಅತ್ತೆಯ ಮದುವೆಗೆ ಖರ್ಚು ಮಾಡಿದ್ದು ಪಾಲಲ್ಲದೆ ಮತ್ತೇನು ಎಂದು ಚಿಕ್ಕಪ್ಪ ಕೇಳುತ್ತಾರೆ. ಕೊನೆಯ ಮಾತೊಂದನ್ನು ಬಿಟ್ಟು ಉಳಿದವೆಲ್ಲ ದಿಟ. ಮದುವೆಯ ಖರ್ಚು ಹೋದದ್ದು ಛತ್ರಕ್ಕೆ, ಊಟಕ್ಕೆ, ಗಂಡಿನ ಮನೆಯವರ ಉಪಚಾರಕ್ಕೆ; ಅತ್ತೆಯ ಹೆಸರಿಗೆ ಅದರಲ್ಲಿ ಒಂದು ತೆಂಗಿನ ಮರವೂ ನೆಟ್ಟಿಲ್ಲ. ಸಾಲವನ್ನೂ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿದು ಪಾಲು ಮಾಡಬಹುದಿತ್ತು. ಲೆಕ್ಕವೇ ಆಗಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪಣೆ.

ಇದಕ್ಕೆ ನೇರವಾಗಿ ಎದುರಾದ ಒಂದು ಪತ್ರ ನನಗೆ ಗ್ರಂಥಭಂಡಾರದ ಓದಿನಲ್ಲಿ ಸಿಕ್ಕಿತು. ತರ್ಕಶಾಸ್ತ್ರದ ತರಗತಿಯಲ್ಲಿ ಅನುಗಮನದ ಐದು ವಿಧಾನಗಳನ್ನು ನಾವೆಲ್ಲ ಬಾಯಿಪಾಠ ಮಾಡಿ ಜಾನ್ ಸ್ಟುವರ್ಟ್ ಮಿಲ್ಲನನ್ನು ಶಪಿಸಿದ್ದುಂಟು. ಆತ 1851ರಲ್ಲಿ ಹ್ಯಾರಿಯೆಟ್ ಟೇಲರ್ ಎಂಬ ವಿಧವೆಯನ್ನು ಮದುವೆಯಾದನು. ಆ ಕಾಲದ ಇಂಗ್ಲೆಂಡಿನ ಕಾನೂನಿನಂತೆ ಹೆಂಡತಿಯ ಸೊತ್ತು, ಗಳಿಕೆ ಎಲ್ಲದರ ಮೇಲೆಯೂ ಗಂಡನಿಗೆ ಅಧಿಕಾರ. ಮದುವೆಗೆ ಮುಂಚೆ, ಆ ವರ್ಷದ ಮಾರ್ಚ್ 6ರಂದು, ಮಿಲ್ಲನು ಒಂದು ಹಾಳೆಯಲ್ಲಿ ತನ್ನ ಪ್ರತಿಭಟನೆಯನ್ನು ಬರೆದಿಟ್ಟನು. ಕಾನೂನು ತನಗೆ ಕೊಡಲಿರುವ ಈ ಅಧಿಕಾರವನ್ನು ತಾನು ಒಪ್ಪುವುದಿಲ್ಲ, ಅದನ್ನು ಕಾನೂನಿನ ಮೂಲಕ ಕಳೆದುಕೊಳ್ಳಲು ದಾರಿಯಿಲ್ಲವಾದುದರಿಂದ ಎಂದೂ ಬಳಸುವುದಿಲ್ಲವೆಂದು ವಚನ ಕೊಡುತ್ತೇನೆ, ಮದುವೆಯೇ ಆಗದಿದ್ದಂತೆ ಆಕೆ ತನ್ನ ವಿಷಯದಲ್ಲಿಯೂ ತನ್ನ ಸೊತ್ತಿನ ವಿಷಯದಲ್ಲಿಯೂ ಸ್ವತಂತ್ರಳು ಎಂಬುದು ಅದರ ತಾತ್ಪರ್ಯ. ಇದೂ ಒಂದು ಹಕ್ಕು ಬಿಡುಗಡೆ ಪತ್ರವೇ. ಬಿಟ್ಟುಕೊಟ್ಟವನು ಅಧಿಕಾರವುಳ್ಳವನು, ಬಿಟ್ಟದ್ದು ಇನ್ನೊಬ್ಬರ ಮೇಲಣ ಒಡೆತನ ಎಂಬುದಷ್ಟೇ ವ್ಯತ್ಯಾಸ. ರಿಜಿಸ್ಟ್ರಿಯಾಗದ ಆ ಹಾಳೆಗೆ ನ್ಯಾಯಾಲಯದಲ್ಲಿ ಕವಡೆಯ ಬೆಲೆಯೂ ಇರಲಿಲ್ಲ. ಹ್ಯಾರಿಯೆಟ್ 1858ರಲ್ಲಿ ತೀರಿಕೊಂಡಳು. 1869ರಲ್ಲಿ ಮಿಲ್ಲನು ಸ್ತ್ರೀಯರ ಅಧೀನತೆಯನ್ನು ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದನು. ಮದುವೆಯಾದ ಹೆಂಗಸು ತನ್ನ ಸೊತ್ತಿಗೆ ತಾನೇ ಒಡತಿಯೆಂದು ಇಂಗ್ಲೆಂಡಿನ ಕಾಯಿದೆ ಸ್ಪಷ್ಟವಾಗಿ ಹೇಳಿದ್ದು 1882ರಲ್ಲಿ.

ಸ್ತ್ರೀವಾದವೆಂದ ಕೂಡಲೇ ನಮ್ಮಲ್ಲಿ ಹಲವರಿಗೆ ಅದು ಪ್ರೀತಿಯ ವೈರಿಯಂತೆ ತೋರುತ್ತದೆ. ಕಳೆದ ವರ್ಷದ ಚರ್ಚಾಸ್ಪರ್ಧೆಯಲ್ಲಿ ಒಬ್ಬ ಸಹಪಾಠಿ, ಹಕ್ಕಿನ ಮಾತು ಬಂದ ಮನೆಯಿಂದ ಪ್ರೀತಿ ಎದ್ದುಹೋಗುತ್ತದೆ ಎಂದು ಮೇಜು ಗುದ್ದಿ ಹೇಳಿದಾಗ ಚಪ್ಪಾಳೆಯೂ ಬಿತ್ತು. ಆದರೆ ಪ್ರೀತಿಯನ್ನು ಕುರಿತು ಅತ್ಯಂತ ಕಾಳಜಿಯಿಂದ ಯೋಚಿಸಿದವರಲ್ಲಿ ಸ್ತ್ರೀವಾದಿಗಳೇ ಮುಖ್ಯರು. ಫ್ರಾನ್ಸಿನ ಸಿಮೋನ್ ದ ಬೋವಾ 1929ರ ತತ್ತ್ವಶಾಸ್ತ್ರದ ಅಗ್ರೆಗಾಸಿಯೋಂ ಪರೀಕ್ಷೆಯಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಎರಡನೆಯ ಸ್ಥಾನ ಪಡೆದಳು. ಮೊದಲನೆಯದು ಸಾರ್ತ್ರನಿಗೆ ಹೋಯಿತು. 1949ರಲ್ಲಿ ಪ್ರಕಟವಾದ ಅವಳ 'ದಿ ಸೆಕೆಂಡ್ ಸೆಕ್ಸ್' ಗ್ರಂಥದಲ್ಲಿ ಪ್ರೇಮದಲ್ಲಿರುವ ಹೆಣ್ಣನ್ನು ಕುರಿತು ಒಂದು ದೀರ್ಘವಾದ ಅಧ್ಯಾಯವಿದೆ. ತನ್ನದೇ ಆದ ಕೆಲಸ, ತನ್ನದೇ ಆದ ಲೋಕ ಇಲ್ಲದ ಹೆಣ್ಣು ಗಂಡಿನ ಮೂಲಕವೇ ಬದುಕಲು ನೋಡುತ್ತಾಳೆ, ಅವನನ್ನು ದೇವರಾಗಿ ಮಾಡಿಕೊಳ್ಳುತ್ತಾಳೆ. ದೇವರಲ್ಲದವನು ದೇವರಾಗಿ ಇರಲಾರದ್ದರಿಂದ ಇಬ್ಬರಿಗೂ ಅದು ಸೆರೆಯಾಗುತ್ತದೆ ಎಂದು ಅವಳ ವಿಶ್ಲೇಷಣೆ. ಇಬ್ಬರು ಸ್ವತಂತ್ರರು ಪರಸ್ಪರರನ್ನು ಸ್ವತಂತ್ರರೆಂದೇ ಒಪ್ಪಿಕೊಳ್ಳುವಲ್ಲಿ ಮಾತ್ರ ನಿಜವಾದ ಪ್ರೀತಿ ಸಾಧ್ಯವೆಂದು ಅವಳ ಮತ. ಅದಕ್ಕೆ ಅವಳು ಹಾಕುವ ಮೊದಲ ಷರತ್ತು ಆರ್ಥಿಕ ಸ್ವಾತಂತ್ರ್ಯ. ಅದೇ 1929ರಲ್ಲಿ ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಬರೆಯುವ ಹೆಣ್ಣಿಗೆ ಒಂದು ಕೋಣೆ, ವರ್ಷಕ್ಕೆ 500 ಪೌಂಡುಗಳ ವರಮಾನ ಬೇಕೆಂದು ಲೆಕ್ಕ ಹಾಕಿ ಹೇಳಿದಳು. ಅವಳ ಕಥಾನಾಯಕಿಗೆ ಆ ಹಣ ಬರುವುದು ಒಬ್ಬ ಅತ್ತೆಯ ಉಯಿಲಿನಿಂದ. ನಮ್ಮತ್ತೆಯ ಉಯಿಲಿನಲ್ಲಿ ಬರೆಯಲು ಇನ್ನೇನೂ ಉಳಿದಿಲ್ಲ ಎಂಬುದನ್ನು ನೆನೆದು ಅದನ್ನೋದುವಾಗ ನನಗೆ ನಗು ಬಂತು.

ಬೋವಾಳನ್ನೂ ಯಾಜ್ಞವಲ್ಕ್ಯನನ್ನೂ ಒಂದೇ ಕಂಬಕ್ಕೆ ಕಟ್ಟುವ ಇಚ್ಛೆ ನನಗಿಲ್ಲ. ಅವನ ಆತ್ಮದಲ್ಲಿ ಎರಡೆಂಬುದಿಲ್ಲ. ಅವಳ ತತ್ತ್ವಕ್ಕೆ ಎರಡಿಲ್ಲದೆ ಕಾಲೂರಲು ನೆಲವಿಲ್ಲ. ಆದರೂ ಮೈತ್ರೇಯಿಯ ಗಂಡ ಹೊರಡುವ ಮುಂಚೆ ಆಸ್ತಿಯನ್ನು ಮೊದಲು ಎದುರಿಗಿಟ್ಟು ಆಮೇಲೆ ಪ್ರೀತಿಯ ಮಾತೆತ್ತಿದ್ದು, ಬೋವಾ ಹಾಕಿದ ಷರತ್ತಿನ ಕ್ರಮದಲ್ಲಿಯೇ ಇದೆಯಲ್ಲವೆ?

ಅಕ್ಕಮಹಾದೇವಿ ಏನನ್ನು ಇಟ್ಟುಕೊಂಡಿದ್ದಳು ಎಂದು ಇಲ್ಲಿ ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಉಡುತಡಿಯ ಅಕ್ಕ, ವಿಜ್ಞಾನೇಶ್ವರನ ತರುವಾಯ ಕೆಲವೇ ದಶಕಗಳಲ್ಲಿ, ಅದೇ ಕಲ್ಯಾಣಕ್ಕೆ ಬರಿಗೈಯಲ್ಲಿ ನಡೆದು ಬಂದಳು. ಹರಿಹರನ ರಗಳೆಯಲ್ಲಿ ಅವಳು ಕೌಶಿಕನ ಮನೆಗೆ ಷರತ್ತುಗಳೊಡನೆ ಹೋಗುತ್ತಾಳೆ. ಅವನು ಅವನ್ನು ಮುರಿದಾಗ ಉಟ್ಟದ್ದನ್ನೂ ಬಿಟ್ಟು ಹೊರಡುತ್ತಾಳೆ. ಆ ಮನೆಯಲ್ಲಿ ಉಟ್ಟ ಬಟ್ಟೆಯೂ ಅವನದೇ ಎಂಬುದನ್ನು ಅವಳಷ್ಟು ಸ್ಪಷ್ಟವಾಗಿ ಕಂಡವರಿಲ್ಲವೆಂದು ನಾನು ತಿಳಿಯುತ್ತೇನೆ. ಅಕ್ಕನು ತಾನು ಚೆನ್ನಮಲ್ಲಿಕಾರ್ಜುನನವಳೆಂದು ಸಾರಿದಾಗ, ಬೇರೆ ಯಾರವಳೂ ಅಲ್ಲವೆಂಬುದನ್ನೂ ಅದರಲ್ಲಿಯೇ ಸಾರಿದಂತಾಯಿತು. ಅದು ಮಹತ್ತಾದದ್ದು. ಆದರೆ ಒಬ್ಬ ಅಕ್ಕನನ್ನು ತೋರಿಸಿ ಲಕ್ಷ ಹೆಣ್ಣುಮಕ್ಕಳಿಗೆ ಬರಿಗೈಯ ಪಾಠ ಹೇಳುವುದು ಮಾತ್ರ ಸರಿಯಲ್ಲ. ಅವರ ತಮ್ಮಂದಿರಿಗೆ ಯಾರೂ ಅಲ್ಲಮನಾಗಿ ಹೊರಡೆಂದು ಹೇಳಿದ್ದನ್ನು ನಾನು ಕೇಳಿಲ್ಲ. ನನಗೆ ಹತ್ತಿರದವಳಾಗಿ ತೋರುವವಳು ಸಂಚಿಯ ಹೊನ್ನಮ್ಮ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದವಳು. ಪತಿವ್ರತೆಯ ಧರ್ಮವನ್ನು ಹೇಳಲು 'ಹದಿಬದೆಯ ಧರ್ಮ'ವೆಂಬ ಸಾಂಗತ್ಯ ಕಾವ್ಯವನ್ನು ಬರೆಯುತ್ತ ಹೋದವಳು, ನಡುವೆ ಒಂದು ಕಡೆ ತಡೆದು, ಹೆಣ್ಣೆಂದು ಹಳಿಯುವವರನ್ನು ಹೆತ್ತವಳು ಹೆಣ್ಣಲ್ಲವೇ ಎಂಬ ಪ್ರಶ್ನೆಯನ್ನು ಹಾಕಿಯೇಬಿಡುತ್ತಾಳೆ. ಆಮೇಲೆ ಮತ್ತೆ ಸೊಸೆಯ ಕರ್ತವ್ಯಗಳಿಗೆ ತಿರುಗುತ್ತಾಳೆ. ಮನೆಯ ಒಳಗಿದ್ದುಕೊಂಡೇ ಕೇಳಿದ ಪ್ರಶ್ನೆ ಅದು. ನಮ್ಮಲ್ಲಿ ಬಹುಮಂದಿ ಇರುವುದು ಅಲ್ಲಿಯೇ ಅಲ್ಲವೆ?

ಕಾತ್ಯಾಯನಿಯೂ ಇದ್ದದ್ದು ಅಲ್ಲಿಯೇ. ಮೈತ್ರೇಯಿಯ ಸಂವಾದ ಉಪನಿಷತ್ತಿನಲ್ಲಿ ಎರಡು ಕಡೆ ಬರುತ್ತದೆ, ಎರಡನೆಯ ಅಧ್ಯಾಯದಲ್ಲಿ ಒಮ್ಮೆ, ನಾಲ್ಕನೆಯದರಲ್ಲಿ ಇನ್ನೊಮ್ಮೆ. ಎರಡನೆಯ ಬಾರಿ ಹೇಳುವಾಗ, ಮೈತ್ರೇಯಿ ಬ್ರಹ್ಮವಾದಿನಿ, ಕಾತ್ಯಾಯನಿಗೆ ಇದ್ದದ್ದು ಸ್ತ್ರೀಪ್ರಜ್ಞೆ ಮಾತ್ರ ಎಂದು ಒಂದು ಮಾತು ಹೆಚ್ಚಾಗಿ ಸೇರಿದೆ. ಆ ಸ್ತ್ರೀಪ್ರಜ್ಞೆ ಎಂದರೇನು? ಮನೆಗೆ ಬೇಕಾದುದನ್ನು ಬಲ್ಲವಳೆಂದು ಭಾಷ್ಯದ ಅಭಿಪ್ರಾಯ. ಸಾವಿರ ಹಸುಗಳು ಬಂದ ಮನೆಯಲ್ಲಿ ಮೇವು, ಕರಾವು, ಸಗಣಿ ಇವುಗಳನ್ನು ಬಲ್ಲವರೊಬ್ಬರು ಬೇಡವೆ? ಕಾತ್ಯಾಯನಿ ಆ ಎರಡು ಪ್ರಕರಣಗಳಲ್ಲಿ ಒಂದು ಸಲವೂ ಬಾಯಿ ತೆರೆಯುವುದಿಲ್ಲ. ಉಪದೇಶ ಮುಗಿಸಿ ಯಾಜ್ಞವಲ್ಕ್ಯ ಹೊರಟುಹೋಗುತ್ತಾನೆ. ಪಾಲು ಎಷ್ಟಾಯಿತು, ಯಾರ ಕೈ ಸೇರಿತು ಎಂಬುದನ್ನು ಉಪನಿಷತ್ತು ಹೇಳುವುದಿಲ್ಲ. ಅತ್ತೆಯ ಜೊತೆಗೆ ಬಸ್ಸಿನಲ್ಲಿ ಬಂದ ದಿನದಿಂದ ನಾನು ಮೈತ್ರೇಯಿಯಷ್ಟೇ ಕಾತ್ಯಾಯನಿಯನ್ನೂ ನೆನೆಯುತ್ತಿದ್ದೇನೆ.

ಅಪ್ಪನ ಪಾಲಿಗೆ ಬರುವ ತೋಟದ ಬಗ್ಗೆ ಅಣ್ಣನ ಮದುವೆಗೆ ಮುಂಚೆ ನನ್ನದೂ ಒಂದು ಸಹಿ ಬೇಕಾಗುತ್ತದೆಂದು ಮನೆಯಲ್ಲಿ ಸೂಚನೆ ಬಂದಿದೆ. ಅಣ್ಣನ ಮೇಲೆ ನನಗೆ ಪ್ರೀತಿಯಿದೆ. ಹೈಸ್ಕೂಲಿಗೆ ಮೂರು ಮೈಲಿ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದವನು ಅವನು. ತೋಟವನ್ನು ನೋಡಿಕೊಳ್ಳುವವನೂ ಅವನೇ, ಅದು ಅವನಿಗೇ ಇರಲಿ ಎಂದು ನಾಳೆ ನನಗೇ ಅನ್ನಿಸಬಹುದು. ಆದುದರಿಂದ ನಾನು ಅಪ್ಪನಿಗೆ ಹೇಳಿದ್ದು ಇಷ್ಟು: ಮೊದಲು ಲೆಕ್ಕವಾಗಲಿ, ಸಾಲವನ್ನೂ ಹಿಡಿದು. ಪಾಲು ಎಷ್ಟೋ ಅಷ್ಟು ನನ್ನ ಹೆಸರಿಗೆ ಪಹಣಿಯಲ್ಲಿ ಬರಲಿ. ಕೊಡುವ ಮಾತು ಆಮೇಲೆ.

"ಆಮೇಲೆ ಕೊಟ್ಟೇ ಕೊಡೋದಾದ್ರೆ ಈಗಲೇ ಯಾಕಾಗಬಾರದು? ಎರಡೆರಡು ಸಲ ರಿಜಿಸ್ಟ್ರಿ ಖರ್ಚು," ಎಂದರು ಅಪ್ಪ.

"ಕೊಟ್ಟೇ ಕೊಡ್ತೀನಿ ಅಂತ ಹೇಳಿಲ್ಲ ಅಪ್ಪ. ನೀವು ಕೇಳಿ, ನಾನು ಯೋಚನೆ ಮಾಡ್ತೀನಿ ಅಂದೆ."

ಅಮ್ಮ ಒಲೆಯ ಹತ್ತಿರದಿಂದಲೇ ತಿರುಗಿ ನೋಡಿದಳು, ಏನೂ ಅನ್ನಲಿಲ್ಲ. ಅಪ್ಪ ಎರಡು ದಿನ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿನ ಜಗಲಿಯ ಮೇಲೆ ಕುಳಿತು, ಹಳೆಯ ಕಂದಾಯದ ರಸೀದಿಗಳ ಕಟ್ಟನ್ನು ಬಿಚ್ಚಿ, ಕನ್ನಡಕ ಹಾಕಿಕೊಂಡು, ನನ್ನನ್ನು ಕರೆದು ಒಂದೊಂದಾಗಿ ಓದಲು ಹೇಳಿದರು. ಸಾಲದ ಲೆಕ್ಕ ಇನ್ನೂ ಅರ್ಧ ಆಗಿದೆ.